ಕೆರೆ ತುಂಬಿತ್ತು, ಆರ್ಥಿಕ ವರ್ಷ ಮುಗಿಯುತ್ತಿತ್ತು

ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಕೆರೆಯ ಹೂಳೆತ್ತುವ ಕೆಲಸದಲ್ಲಿ 2021ರ ಆಗಸ್ಟ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ನಾನು ತೊಡಗಿಕೊಂಡಿದ್ದೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಗುತ್ತಿಗೆದಾರರೊಬ್ಬರ ಬಳಿ ದುಡಿದು, ಆಮೇಲೆ ನೀರಿನ ಕೆಲಸ ಮಾಡುವ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಗೆ ಸೇರಿದವಳು ನಾನು. ಕೆರೆ ಗ್ರಾಮ ಪಂಚಾಯಿತಿಯ ವಶದಲ್ಲಿತ್ತು, ಹಣ ಬೆಂಗಳೂರಿನ ಒಂದು ಕಂಪನಿಯದಾಗಿತ್ತು, ಕೆಲಸ ಮಾಡಿಸುವ ಹೊಣೆ ನಮ್ಮ ಸಂಸ್ಥೆಯದಾಗಿತ್ತು. ಮೂವರಿಗೂ ಕೆರೆ ತುಂಬಬೇಕೆಂಬ ಆಸೆ ಒಂದೇ ಆಗಿದ್ದುದರಿಂದ ಒಂದು ಬೇಸಿಗೆಯಲ್ಲಿ ಕೆಲಸ ಮುಗಿದೀತು ಎಂದು ನಾನು ಎಣಿಸಿದ್ದೆ. ಆದರೆ ಕೆರೆಯ ವರ್ಷ ಮಳೆಯೊಂದಿಗೆ, ಕಂಪನಿಯ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳೇ ಇಲ್ಲಿಯ ನದಿ. ಒಂದು ಕೆರೆ ತುಂಬಿ ಕೋಡಿ ಹೋದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುವಂತೆ ಹಿರಿಯರು ಸರಪಳಿ ಕಟ್ಟಿದ್ದರು. 2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದಾಗ ನಮ್ಮ ಕೆರೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಮಳೆಯನ್ನೇ ನಂಬಿದ ಕೆರೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದುದರಿಂದ ಅದು ಸಣ್ಣ ನೀರಾವರಿ ಇಲಾಖೆಗೆ ಸೇರದೆ ಪಂಚಾಯತ್ ವ್ಯವಸ್ಥೆಯ ಅಡಿಯಲ್ಲಿ ಉಳಿದಿತ್ತು. ನಾನು ಮೊದಲ ಸಲ ನೋಡಿದಾಗ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದು ನಿಂತಿತ್ತು, ನೀರು ಹೊರಬಿಡುವ ತೂಬಿನ ಕಲ್ಲುಕಂಬಗಳು ಅರ್ಧದವರೆಗೆ ಹೂಳಿನಲ್ಲಿ ಹುದುಗಿದ್ದವು.

ಸೆಪ್ಟೆಂಬರ್‌ನಲ್ಲಿ ಗ್ರಾಮಸಭೆ ನಡೆಯಿತು. ಕಂಪನಿಯವರು ಕಳುಹಿಸಿದ್ದ ಒಡಂಬಡಿಕೆಯ ಕರಡನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅದರಲ್ಲಿ ಕೆರೆಯನ್ನು ಕಂಪನಿ 'ದತ್ತು' ತೆಗೆದುಕೊಳ್ಳುತ್ತದೆ ಎಂಬ ಮಾತಿತ್ತು, ಸುತ್ತ ತಂತಿಬೇಲಿ ಹಾಕಿ ಹೆಸರಿನ ಫಲಕ ನಿಲ್ಲಿಸುವ ಪ್ರಸ್ತಾಪವೂ ಇತ್ತು. ಸ್ತ್ರೀಶಕ್ತಿ ಸಂಘದ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು, "ದತ್ತು ಕೊಡೋದು ತಾಯಿ ಇಲ್ಲದ ಮಗೂನ ಮೇಡಂ. ನಮ್ಮ ಕೆರೆಗೆ ನಾವಿಲ್ವಾ? ಬೇಲಿ ಹಾಕಿದ್ರೆ ದನ ಎಲ್ಲಿ ನೀರು ಕುಡೀಬೇಕು?" ಎಂದು ಕೇಳಿದರು. ಸಭೆಯಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನ ಬಳಿಯೂ ಉತ್ತರವಿರಲಿಲ್ಲ.

ಆ ತಾಯಿಯ ಅಂಜಿಕೆಗೆ ಆಧಾರವಿತ್ತು. 2004ರಿಂದ ಆಚೆಗೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡಲಾಗಿತ್ತು. ಅದರ ವಿರುದ್ಧ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟು, 2012ರಲ್ಲಿ ಹೈಕೋರ್ಟ್ ಕೆರೆಗಳ ರಕ್ಷಣೆಯ ಬಗ್ಗೆ ವಿವರವಾದ ಆದೇಶ ನೀಡಿತು. 2020ರಲ್ಲಂತೂ ಬೆಂಗಳೂರಿನ ಕೆರೆಗಳ ವಿಷಯದಲ್ಲಿ ಕಂಪನಿಗಳೊಂದಿಗೆ ಒಡಂಬಡಿಕೆ ಮಾಡಿಕೊಳ್ಳದಂತೆ ಮಹಾನಗರ ಪಾಲಿಕೆಗೆ ಹೈಕೋರ್ಟ್ ತಡೆ ಒಡ್ಡಿತು. ನಮ್ಮದು ಹಳ್ಳಿಯ ಕೆರೆಯಾದರೂ ಜಿಲ್ಲಾ ಮಟ್ಟದ ಅಧಿಕಾರಿಗಳು ಕಡತವನ್ನು ಎಚ್ಚರಿಕೆಯಿಂದಲೇ ಮುಟ್ಟುತ್ತಿದ್ದರು. ಅವರ ಆ ಎಚ್ಚರಿಕೆಯನ್ನು ಆಗ ನಾನು ಕೆಂಪುಪಟ್ಟಿ ಎಂದು ತಿಳಿದು ಕೋಪಿಸಿಕೊಂಡಿದ್ದೆ. ಸಾರ್ವಜನಿಕ ಆಸ್ತಿಯನ್ನು ಕಾಯುವವರು ಹಾಗಿರುವುದೇ ಸರಿ ಎಂದು ಈಗ ಅನ್ನಿಸುತ್ತದೆ.

ಕರಡನ್ನು ಮೂರು ಸಲ ತಿದ್ದಿದೆವು. 'ದತ್ತು' ಎಂಬ ಪದ ಹೋಯಿತು, ಬೇಲಿ ಹೋಯಿತು. ಕೆರೆಯ ಒಡೆತನ, ಮೀನಿನ ಹರಾಜು, ದನಕರುಗಳಿಗೆ ನೀರು, ಮಡಿವಾಳರ ಬಟ್ಟೆ ಒಗೆಯುವ ಕಲ್ಲು ಇವೆಲ್ಲ ಮೊದಲಿನಂತೆಯೇ ಉಳಿಯುತ್ತವೆ ಎಂಬ ಷರತ್ತು ಬಂತು. ಕಂಪನಿಯ ಹೆಸರು ಏರಿಯ ಮೇಲಿನ ಒಂದು ಚಿಕ್ಕ ಕಲ್ಲಿನಲ್ಲಿ, ಪಂಚಾಯಿತಿಯ ಹೆಸರಿನ ಕೆಳಗೆ ಇರತಕ್ಕದ್ದು ಎಂದು ಬರೆದೆವು. ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಅಧಿಕಾರಿ ಇದಕ್ಕೆಲ್ಲ ಒಪ್ಪಿದರು. ತಮ್ಮ ಮೇಲಿನವರನ್ನು ಒಪ್ಪಿಸಲು ಅವರು ಪಟ್ಟ ಪಾಡು ಎಂಥದೆಂಬುದು ನನಗೆ ಬಹಳ ದಿನಗಳ ನಂತರ ತಿಳಿಯಿತು.

ಭೂಮಾಪಕರು ಬಂದು ಗಡಿ ಗುರುತಿಸಿದರು. ಅಂಚಿನಲ್ಲಿ ಅಲ್ಲಲ್ಲಿ ಒತ್ತುವರಿ ಕಂಡುಬಂತು. ಎರಡು ಕಡೆ ರೈತರು ತಾವಾಗಿಯೇ ಬಿಟ್ಟುಕೊಟ್ಟರು, ಒಂದು ಕಡೆಯ ಪ್ರಕರಣ ಇಂದಿಗೂ ಇತ್ಯರ್ಥವಾಗಿಲ್ಲ. ಒಡಂಬಡಿಕೆಗೆ ಸಹಿ ಬಿದ್ದದ್ದು ನವೆಂಬರ್ ಮೊದಲ ವಾರದಲ್ಲಿ. ಡಿಸೆಂಬರ್‌ನಲ್ಲಿ ಜಾಲಿ ತೆಗೆದು, ಜನವರಿಯಿಂದ ಮಾರ್ಚ್‌ವರೆಗೆ ಹೂಳೆತ್ತಿ, ಆರ್ಥಿಕ ವರ್ಷ ಮುಗಿಯುವ ಮುನ್ನ ಲೆಕ್ಕ ಒಪ್ಪಿಸುವುದು ಎಂದು ವೇಳಾಪಟ್ಟಿ ಮಾಡಿಕೊಂಡೆವು.

ಆ ತಿಂಗಳೇ ಮಳೆ ಹಿಡಿಯಿತು. 2021ರ ನವೆಂಬರ್‌ನಲ್ಲಿ ಕೋಲಾರದವರು ಕಂಡ ಮಳೆಯನ್ನು ಯಾರೂ ಮರೆತಿರಲಾರರು; ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು, ಟೊಮೆಟೊ ಕೊಳೆಯಿತು, ವರ್ಷಗಟ್ಟಲೆ ಬತ್ತಿ ಬಿದ್ದಿದ್ದ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದವು. ನಮ್ಮ ಕೆರೆಯೂ ತುಂಬಿತು. ಊರಿನವರು ಪೂಜೆ ಮಾಡಿ, ಗಂಗಮ್ಮನಿಗೆ ಬಾಗಿನ ಬಿಟ್ಟರು. ಏರಿಯ ಮೇಲೆ ನಿಂತು ಆ ನೀರನ್ನು ನೋಡುತ್ತಿದ್ದಾಗ ನನ್ನ ಕಣ್ಣು ತುಂಬಿ ಬಂತು. ಸಂತೋಷದ ಜೊತೆಗೆ, ಹೂಳೆತ್ತುವ ಯೋಜನೆ ನೀರಿನಡಿ ಮುಳುಗಿ ಹೋಯಿತಲ್ಲ ಎಂಬ ಆತಂಕವೂ ಅದರಲ್ಲಿ ಇತ್ತು.

ಕಂಪನಿಯ ಅಧಿಕಾರಿಗೆ ಫೋನ್ ಮಾಡಿದೆ. ಅವರು ಕೆಲ ಹೊತ್ತು ಮೌನವಾಗಿದ್ದು, "ನೀರನ್ನು ಹೊರಗೆ ಬಿಡಿಸಲು ಆಗುವುದಿಲ್ಲವೇ ಮೇಡಂ?" ಎಂದು ಕೇಳಿದರು. ಅವರನ್ನು ನಾನು ದೂರುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಪ್ರತಿ ಆರ್ಥಿಕ ವರ್ಷವೂ ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ಹಣ ಉಳಿದರೆ ಕಾರಣ ಬರೆಯಬೇಕು; 2021ರ ತಿದ್ದುಪಡಿಯ ನಂತರ ಉಳಿದ ಹಣವನ್ನು ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕು. ಆ ಅಧಿಕಾರಿಯ ಪಾಲಿಗೆ ಮಾರ್ಚ್ 31 ಎಂಬುದು ಕೆರೆಯ ಕೋಡಿಯಷ್ಟೇ ಗಟ್ಟಿಯಾದ ಗಡಿ.

ಊರಿನವರ ಮುಂದೆ ಅವರ ಪ್ರಶ್ನೆಯನ್ನು ಇಟ್ಟೆ. ಇಡಬಾರದಿತ್ತೇನೋ, ಆದರೆ ಮುಚ್ಚಿಟ್ಟು ನಾನೊಬ್ಬಳೇ ಉತ್ತರ ಹೇಳುವುದೂ ಸರಿಯಲ್ಲ ಎನಿಸಿತು. "ಇಷ್ಟು ವರ್ಷಕ್ಕೆ ಬಂದ ನೀರನ್ನ ನಿಮ್ಮ ಲೆಕ್ಕಕ್ಕೋಸ್ಕರ ಬಿಟ್ಬಿಡೋಣ ಅಂತೀರಾ?" ಎಂದು ಒಬ್ಬ ರೈತರು ಕೇಳಿದಾಗ ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ಕೊರೆಸಿ ಸೋತವರಿಗೆ ತುಂಬಿದ ಕೆರೆ ಎಂದರೆ ಏನು ಎಂಬುದು ನನಗೆ ಗೊತ್ತಿತ್ತು. ಅದನ್ನು ಬೆಂಗಳೂರಿನ ಕಚೇರಿಗೆ ಹೇಗೆ ಮುಟ್ಟಿಸಬೇಕು ಎಂಬುದು ಗೊತ್ತಿರಲಿಲ್ಲ. ಆದ್ದರಿಂದ ಡಿಸೆಂಬರ್‌ನಲ್ಲಿ ಆ ಅಧಿಕಾರಿಯನ್ನೂ ಅವರ ಹಣಕಾಸು ವಿಭಾಗದವರೊಬ್ಬರನ್ನೂ ಹಳ್ಳಿಗೆ ಕರೆದುಕೊಂಡು ಬಂದೆ. ಭಾಷಣ ಏನೂ ಮಾಡಲಿಲ್ಲ. ಏರಿಯ ಮೇಲೆ ನಡೆದೆವು, ಒಂದು ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂದದ್ದನ್ನು ಅದರ ಒಡೆಯರೇ ತೋರಿಸಿದರು, ಅವರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಊಟ ಮಾಡಿದೆವು.

ದಾರಿಯಲ್ಲಿ ಹಿಂದಿರುಗುವಾಗ ಹಣಕಾಸು ವಿಭಾಗದ ಆ ಯುವಕನೇ ಪರಿಹಾರದ ಎಳೆ ಹಿಡಿದುಕೊಟ್ಟದ್ದು. ಕಂಪನಿಯ ಆಡಳಿತ ಮಂಡಳಿ ಒಂದು ಕೆಲಸವನ್ನು 'ಮುಂದುವರಿಯುವ ಯೋಜನೆ' ಎಂದು ಅಂಗೀಕರಿಸಿದರೆ, ಖರ್ಚಾಗದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ನಂತರದ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಹಾಗೆ ಅಂಗೀಕರಿಸಬೇಕಾದರೆ ಹೂಳೆತ್ತುವುದೊಂದೇ ಅಲ್ಲದೆ, ಕಾಲುವೆ, ಏರಿ, ತೂಬು, ನಿರ್ವಹಣೆ ಎಲ್ಲವನ್ನೂ ಹಂತ ಹಂತವಾಗಿ ಬರೆದುಕೊಡಬೇಕು ಎಂದು ಅವರು ತಿಳಿಸಿದರು. ವಾಸ್ತವವಾಗಿ ಕೆರೆಗೆ ಬೇಕಾಗಿದ್ದುದೂ ಅದೇ. ನಾವು ಮೊದಲು ಬರೆದ ಯೋಜನೆಯೇ ಒಂದು ವರ್ಷದ ಚೌಕಟ್ಟಿಗೆ ತಕ್ಕಂತೆ ಕೆರೆಯನ್ನು ಕತ್ತರಿಸಿಕೊಂಡ ಯೋಜನೆಯಾಗಿತ್ತು. ಆ ತಪ್ಪು ನಮ್ಮ ಸಂಸ್ಥೆಯದು, ಅದರಲ್ಲಿಯೂ ಅಂದಾಜುಪಟ್ಟಿ ಬರೆದ ನನ್ನದು.

2022ರ ಬೇಸಿಗೆಯಲ್ಲಿ ನೀರಿಲ್ಲದ ಕಡೆ ಮಾಡಬಹುದಾದ ಕೆಲಸಕ್ಕೆ ಕೈಹಾಕಿದೆವು. ಕೆರೆಗೆ ನೀರು ತರುವ ರಾಜಕಾಲುವೆಯನ್ನು ಉದ್ಯೋಗ ಖಾತರಿ ಯೋಜನೆಯಲ್ಲಿ ಪಂಚಾಯಿತಿ ಎತ್ತಿಕೊಂಡಿತು. ಆ ವರ್ಷ ದಿನಗೂಲಿ 309 ರೂಪಾಯಿ ಇತ್ತು. ಆ ಯೋಜನೆಯಲ್ಲಿ ಯಂತ್ರ ಬಳಸುವಂತಿರಲಿಲ್ಲ, ಕೈಕೆಲಸವೇ ಆಗಬೇಕಿತ್ತು. ಕಂಪನಿಯ ಹಣದಲ್ಲಿ ಯಂತ್ರ ಇಳಿಸಬಹುದು, ಆದರೆ ಅದೇ ಅಳತೆಯ ಮಣ್ಣಿಗೆ ಎರಡೂ ಕಡೆ ಬಿಲ್ಲು ಬೀಳಬಾರದು. ಆದ್ದರಿಂದ ಕಾಲುವೆಯೆಲ್ಲ ಕೂಲಿಯವರದು, ಕೆರೆಯಂಗಳವೆಲ್ಲ ಯಂತ್ರದ್ದು ಎಂದು ನಕ್ಷೆಯ ಮೇಲೆಯೇ ಗೆರೆ ಎಳೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿ ಹಾಕಿಸಿಕೊಂಡೆವು. ಇಂಥ ಸಹಭಾಗಿತ್ವದಲ್ಲಿ ಸಂಶಯ ಹುಟ್ಟುವುದು ಸಾಮಾನ್ಯವಾಗಿ ಈ ಗೆರೆಯ ಬಳಿಯೇ ಆದ್ದರಿಂದ, ಆ ನಕ್ಷೆಯನ್ನು ದೊಡ್ಡದಾಗಿ ಬರೆಸಿ ಪಂಚಾಯಿತಿ ಗೋಡೆಗೆ ಅಂಟಿಸಿದೆವು.

ಆ ವರ್ಷವೂ ಮಳೆ ಚೆನ್ನಾಯಿತು, ಕೆರೆ ಬತ್ತಲಿಲ್ಲ. ಕಾಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಾಯುತ್ತಿದ್ದಾಗ ಮನುಷ್ಯರು ಬದಲಾದರು: ಕಂಪನಿಯ ಆ ಅಧಿಕಾರಿ ಬೇರೆ ಕಡೆ ಕೆಲಸಕ್ಕೆ ಹೋದರು, ಅಭಿವೃದ್ಧಿ ಅಧಿಕಾರಿಗೆ ವರ್ಗವಾಯಿತು, 2023ರ ಮಧ್ಯದಲ್ಲಿ ಮೂವತ್ತು ತಿಂಗಳ ಅವಧಿ ಮುಗಿದು ಪಂಚಾಯಿತಿಗೆ ಹೊಸ ಅಧ್ಯಕ್ಷರು ಬಂದರು. ಹೊಸಬರಿಗೆಲ್ಲ ನಾನು ಮೊದಲಿನಿಂದ ಕಥೆ ಹೇಳಬೇಕಾಯಿತು. ಗ್ರಾಮಸಭೆಯ ಠರಾವು, ತಿದ್ದಿದ ಮೂರು ಕರಡುಗಳು, ಗೋಡೆಯ ಮೇಲಿನ ನಕ್ಷೆ ಇಲ್ಲದಿದ್ದರೆ ಆ ಕಥೆಯನ್ನು ಯಾರೂ ನಂಬುತ್ತಿರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷ ಅದು. ಕೆರೆ ಮೆಲ್ಲಗೆ ಇಳಿಯುತ್ತ 2024ರ ಜನವರಿಯ ಹೊತ್ತಿಗೆ ನಡುವಿನ ಗುಂಡಿಯೊಂದನ್ನು ಬಿಟ್ಟು ಒಣಗಿತು. ಬರ ಬಂದದ್ದಕ್ಕೆ ಸಂತೋಷಪಡಲು ಸಾಧ್ಯವಿಲ್ಲ, ಆದರೆ ಕೆಲಸಕ್ಕೆ ಇದ್ದ ಅವಕಾಶ ಅದೊಂದೇ. 2025ರ ಮಾರ್ಚ್‌ಗೆ ಕಂಪನಿಯ ಮೂರು ವರ್ಷದ ಗಡುವೂ ಮುಗಿಯುತ್ತಿತ್ತು.

ಆಗ ಎದುರಾದದ್ದು ಅಳತೆಯ ಪ್ರಶ್ನೆ. ಕಂಪನಿಯವರು ಎಷ್ಟು ಲೀಟರ್ ನೀರಿಗೆ ಜಾಗವಾಯಿತು ಎಂದು ಕೇಳುತ್ತಿದ್ದರು. ಪಂಚಾಯಿತಿಯ ಎಂಜಿನಿಯರ್‌ಗೆ ಅಳತೆ ಪುಸ್ತಕದಲ್ಲಿ ಘನ ಮೀಟರ್ ಬರಬೇಕು, ಸರ್ಕಾರಿ ದರಪಟ್ಟಿಯ (ಎಸ್.ಆರ್.) ದರ ಹೊಂದಬೇಕು. ರೈತರ ಲೆಕ್ಕ ಟ್ರ್ಯಾಕ್ಟರ್ ಲೋಡಿನದು. ಮೊದಮೊದಲು ಸಭೆಗಳಲ್ಲಿ ಮೂವರೂ ಒಬ್ಬರ ಅಂಕಿಯನ್ನು ಇನ್ನೊಬ್ಬರು ಸುಳ್ಳೆಂದು ಭಾವಿಸುತ್ತಿದ್ದರು. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್, ಇದು ಸುಲಭ. ತೊಡಕಿರುವುದು ಲೋಡಿನಲ್ಲಿ. ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ. ಟ್ರೇಲರ್‌ನಲ್ಲಿ ಮೂರು ಘನ ಮೀಟರ್ ಕಂಡರೆ ಕೆರೆಯಲ್ಲಿ ಅದರಿಂದಾದ ಗುಂಡಿ ಎರಡೂಕಾಲು, ಎರಡೂವರೆ ಘನ ಮೀಟರ್ ಮಾತ್ರ. ಲೋಡುಗಳನ್ನು ಎಣಿಸಿ ನೇರವಾಗಿ ಲೀಟರಿಗೆ ಗುಣಿಸಿದರೆ ವರದಿ ಚೆಂದ ಕಾಣುತ್ತದೆ, ನೀರು ಮಾತ್ರ ಅಷ್ಟು ನಿಲ್ಲುವುದಿಲ್ಲ.

ಆದ್ದರಿಂದ ಅಗೆಯುವ ಮುನ್ನ ಮತ್ತು ಅಗೆದ ನಂತರ ಇಡೀ ಅಂಗಳದ ಲೆವೆಲ್ (ನೆಲದ ಮಟ್ಟ) ತೆಗೆಯುವುದು, ಆ ದಿನ ಮೂರೂ ಕಡೆಯವರು ಹಾಜರಿರುವುದು, ಒಂದೇ ಹಾಳೆಯಲ್ಲಿ ಲೋಡು, ಘನ ಮೀಟರ್, ಲೀಟರ್ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ಎಲ್ಲರೂ ಸಹಿ ಹಾಕುವುದು ಎಂದು ತೀರ್ಮಾನಿಸಿದೆವು. ಇದರಿಂದ ಕಂಪನಿಗೆ ಮೊದಲು ಹೇಳಿದ್ದ ಲೀಟರ್ ಅಂಕಿ ಕಾಲು ಭಾಗದಷ್ಟು ಇಳಿಯಿತು. ಹೊಸ ಅಧಿಕಾರಿ ಬೇಸರಪಟ್ಟುಕೊಂಡರು. ತೂಬಿನ ತಳಮಟ್ಟಕ್ಕಿಂತ ಕೆಳಗೆ ನಿಲ್ಲುವ ನೀರು ಗದ್ದೆಗೆ ಹರಿಯುವುದಿಲ್ಲ, ಅದು ದನಗಳಿಗೆ ಮತ್ತು ಅಂತರ್ಜಲಕ್ಕೆ ಎಂಬುದನ್ನೂ ಬೇರೆಯಾಗಿಯೇ ತೋರಿಸಬೇಕೆಂದು ನಾನು ಹಟ ಹಿಡಿದೆ. ಎರಡು ವಾರದ ಪತ್ರವ್ಯವಹಾರದ ನಂತರ ಅವರು ಒಪ್ಪಿದರು. ನನ್ನ ಮೂರು ವರ್ಷದ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಕಾಗದ ಯಾವುದೆಂದು ಕೇಳಿದರೆ ಆ ಒಂದು ಹಾಳೆಯನ್ನು ತೋರಿಸುತ್ತೇನೆ. ಅದು ಬಂದ ಮೇಲೆ ಮೂವರ ನಡುವಿನ ಜಗಳ ಅರ್ಧಕ್ಕರ್ಧ ನಿಂತಿತು.

ಲೋಕಸಭಾ ಚುನಾವಣೆಯ ಗಡಿಬಿಡಿಯೂ ಅದೇ ಹೊತ್ತಿಗೆ ಬಂತು. ನೀತಿ ಸಂಹಿತೆ ಜಾರಿಯಾಗುವ ಮುನ್ನ ನೆಲದ ಮೇಲೆ ಆರಂಭವಾಗಿರುವ ಕಾಮಗಾರಿ ಮುಂದುವರಿಯಬಹುದು, ಆದೇಶವಷ್ಟೇ ಆಗಿ ಆರಂಭವಾಗದೆ ಉಳಿದದ್ದು ನಿಲ್ಲುತ್ತದೆ. ಹೊಸ ಅಭಿವೃದ್ಧಿ ಅಧಿಕಾರಿ ಇದನ್ನು ಮುಂಚೆಯೇ ನೆನಪಿಸಿದ್ದರಿಂದ ಫೆಬ್ರವರಿ ಕೊನೆಯ ವಾರದಲ್ಲಿಯೇ ಹಿಟಾಚಿ ಇಳಿಸಿದೆವು. ಮಾರ್ಚ್ 16ರಂದು ಚುನಾವಣೆ ಘೋಷಣೆಯಾದಾಗ ಕೆಲಸ ಭರದಿಂದ ಸಾಗಿತ್ತು. ಆ ಅಧಿಕಾರಿಯ ಒಂದು ಮಾತು ನಮಗೆ ಒಂದು ಬೇಸಿಗೆಯನ್ನು ಉಳಿಸಿಕೊಟ್ಟಿತು.

ಹೂಳನ್ನು ಹೊಲಗಳಿಗಲ್ಲದೆ ಬೇರೆಲ್ಲಿಗೂ ಕೊಡಬಾರದು ಎಂಬುದು ಗ್ರಾಮಸಭೆಯ ಷರತ್ತು. ನಮ್ಮ ಕಡೆ ಇಟ್ಟಿಗೆ ಗೂಡುಗಳು ಬಹಳ, ಕೆರೆಯ ಜೇಡಿಗೆ ಒಳ್ಳೆಯ ಬೆಲೆಯಿದೆ. ಪಂಚಾಯಿತಿಯ ಚೀಟಿ ಇಲ್ಲದೆ ಯಾವ ಟ್ರ್ಯಾಕ್ಟರೂ ಕೆರೆಯಿಂದ ಮೇಲೇರದಂತೆ ಸ್ತ್ರೀಶಕ್ತಿ ಸಂಘದವರು ಸರದಿಯ ಮೇಲೆ ದಾರಿಯಲ್ಲಿ ಕೂತರು. ಅಗೆಯುವುದು ಯಂತ್ರದ ಖರ್ಚು, ಸಾಗಿಸುವುದು ರೈತರದೇ ಖರ್ಚು. ಏರಿಯ ಬುಡದ ಸಮೀಪ ಅಗೆಯಗೊಡಲಿಲ್ಲ. ಹೂಳಿನಡಿಯ ಗಟ್ಟಿ ಜೇಡಿಪದರ ಮುಟ್ಟಿದ ಕಡೆ ನಿಲ್ಲಿಸಿದೆವು, ಅದನ್ನು ಒಡೆದರೆ ಕೆರೆ ಸೋರುತ್ತದೆ. ಮೇ ನಡುವಿನಲ್ಲಿ ಮುಂಗಾರುಪೂರ್ವ ಮಳೆ ಬಿದ್ದಾಗ ಹೊಲಗಳಲ್ಲಿ ಕಪ್ಪುಮಣ್ಣಿನ ಗುಡ್ಡೆಗಳು ಸಾಲಾಗಿ ನಿಂತಿದ್ದವು.

ಉಳಿದದ್ದು ತೂಬು. ಹಳೆಯ ಕಲ್ಲುತೂಬನ್ನು ದುರಸ್ತಿ ಮಾಡಿ ಸ್ಕ್ರೂ ಗೇಟ್ ಕೂರಿಸಿ, ಅದಕ್ಕೊಂದು ಬೀಗ ಹಾಕಿದೆವು. ಹಸ್ತಾಂತರದ ಪಟ್ಟಿ ಬರೆಯುವ ದಿನ ಕಂಪನಿಯ ಅಧಿಕಾರಿ, "ಬೀಗದ ಕೈ ಯಾರಿಗೆ ಕೊಡಬೇಕು?" ಎಂದು ಕೇಳಿದರು. ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಇಡುವುದು ನಿಯಮ ಎಂದರು ಅಭಿವೃದ್ಧಿ ಅಧಿಕಾರಿ. ತಲೆಮಾರುಗಳಿಂದ ಆ ಕೆರೆಯ ನೀರು ಬಿಡುತ್ತಿದ್ದ ದಲಿತ ಕುಟುಂಬದ ಹಿರಿಯರು ಅಲ್ಲಿಯೇ ನಿಂತಿದ್ದರು. "ರಾತ್ರಿ ನೀರು ಏರಿದ್ರೆ ಬೀರು ಬಂದು ತೂಬು ತೆಗೀತದಾ ಸಾರ್?" ಎಂದು ಅವರು ಕೇಳಿದರು.

ನಮ್ಮ ಐದು ನೂರು ಪುಟದ ಕಡತದಲ್ಲಿ ಅವರ ಹೆಸರು ಎಲ್ಲಿಯೂ ಇರಲಿಲ್ಲ. ಹಿಂದೆ ಅವರಂತೆ ಕೆರೆಯ ನೀರು ಬಿಡುವ ನೀರುಗಂಟಿಗೆ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ಕೆರೆ ಬತ್ತಿದ ಮೇಲೆ ಅದು ನಿಂತಿತ್ತು. ನೀರುಗಂಟಿ ಎಂಬ ಹುದ್ದೆ ತಮ್ಮಲ್ಲಿ ಈಗಾಗಲೇ ಇದೆ ಎಂದು ಪಂಚಾಯಿತಿ ಹೇಳಿತು, ಆದರೆ ಆ ನೀರುಗಂಟಿ ಕುಡಿಯುವ ನೀರಿನ ಮೋಟರು, ವಾಲ್ವು ನೋಡಿಕೊಳ್ಳುವವನು. ಕಂಪನಿಯ ನಿರ್ವಹಣಾ ಹಣದಲ್ಲಿ ಕೂಲಿ ಕೊಡಬಹುದಾದರೂ ಯೋಜನೆ ಮುಗಿದ ದಿನ ಅದೂ ಮುಗಿಯುತ್ತದೆ. ಹಿಂದೆ ಸಮೀಪದ ಊರೊಂದರಲ್ಲಿ ಯೋಜನೆಯೊಂದಿಗೆ ಹುಟ್ಟಿದ ಕೆರೆ ಸಂಘ ಯೋಜನೆಯೊಂದಿಗೇ ಮುಗಿದದ್ದನ್ನು ನಾನು ಕಂಡಿದ್ದೆ. ಆದ್ದರಿಂದ ಎರಡು ಸಭೆಗಳ ಚರ್ಚೆಯ ನಂತರ ಆದ ಠರಾವು ಇದು: ಒಂದು ಬೀಗದ ಕೈ ಆ ಹಿರಿಯರ ಬಳಿ, ಇನ್ನೊಂದು ಪಂಚಾಯಿತಿಯಲ್ಲಿ, ಕೆರೆಯ ಮೀನಿನ ಹರಾಜಿನಿಂದ ಬರುವ ಹಣದಲ್ಲಿ ನಿಗದಿತ ಪಾಲು ಅವರ ಸಂಬಳಕ್ಕೆ, ನೀರು ಗದ್ದೆಗೆ ಹರಿದ ವರ್ಷ ಅಚ್ಚುಕಟ್ಟಿನವರು ಎಕರೆಗಿಷ್ಟು ರಾಗಿ ಕೊಡತಕ್ಕದ್ದು.

2024ರ ಅಕ್ಟೋಬರ್ ಮಳೆಗೆ ಕೆರೆಗೆ ಮುಕ್ಕಾಲು ಪಾಲು ನೀರು ಬಂತು. ಒಂದು ರಾತ್ರಿ ಆ ಹಿರಿಯರು ಮಗನೊಂದಿಗೆ ಹೋಗಿ ಕಾಲುವೆಗೆ ಅಡ್ಡ ಬಿದ್ದಿದ್ದ ಮರದ ಕೊಂಬೆಯನ್ನು ಎಳೆದುಹಾಕಿದ್ದರಿಂದ ಕೆಳಗಿನ ಮನೆಗಳಿಗೆ ನೀರು ನುಗ್ಗಲಿಲ್ಲ. ಕಂಪನಿಯ ಅಂತಿಮ ವರದಿ ಸಲ್ಲಿಕೆಯಾಗಿದೆ, ಲೆಕ್ಕಪರಿಶೋಧನೆಯೂ ಮುಗಿದಿದೆ. ಮೀನಿನ ಹರಾಜು ಮಾತ್ರ ಎರಡು ಸಲ ಮುಂದಕ್ಕೆ ಹೋಗಿದೆ, ಅವರಿಗೆ ಬರಬೇಕಾದ ಸಂಬಳ ಇನ್ನೂ ಬಾಕಿ ಇದೆ. ಠರಾವಿನ ಪ್ರತಿ ಹಿಡಿದು ಸೋಮವಾರ ಮತ್ತೆ ಪಂಚಾಯಿತಿಗೆ ಹೋಗುವವಳಿದ್ದೇನೆ.